ಒಂದು ಬೆನ್ನು, ಎರಡು ಊರಿನ ಸೂಜಿ

ಬೆನ್ನುನೋವು ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ರೆಕ್ಸಿನ್ನಿನ ವಾಸನೆ. ಕಾರವಾರದ ಪೇಟೆಯಲ್ಲಿ ಮೊಬೈಲ್ ಅಂಗಡಿಯೊಂದರ ಮೇಲೆ ಸೂಜಿ ಚಿಕಿತ್ಸೆಯ ಕೋಣೆಯಿತ್ತು. ಅಲ್ಲಿನ ಮಂಚಕ್ಕೆ ಕರಿ ರೆಕ್ಸಿನ್ ಹೊದೆಸಿದ್ದರು. ಬೋರಲು ಮಲಗಿ ಮುಖ ಬದಿಗೆ ತಿರುಗಿಸಿದರೆ, ನನಗಿಂತ ಮೊದಲು ಮಲಗಿ ಎದ್ದುಹೋದವರ ಬೆವರು, ನೋವಿನೆಣ್ಣೆ, ತಲೆಯ ಕೊಬ್ಬರಿ ಎಣ್ಣೆ ಎಲ್ಲ ಸೇರಿ ಕೆನ್ನೆಗೆ ಅಂಟುತ್ತಿತ್ತು. ಮಂಚದ ಕೆಳಗಿನ ಬಕೆಟ್ಟಿನಲ್ಲಿ ರಕ್ತದ ಚುಕ್ಕೆ ಒಣಗಿದ ಹತ್ತಿ ತುಂಡುಗಳು. ಉಸಿರು ಬಿಗಿಹಿಡಿದು ಮಲಗುತ್ತಿದ್ದೆ. ಅಲ್ಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಅಂಥದೊಂದು ಮಂಚದ ಮೇಲೆ ಮಲಗಿ, "ಛೀ, ಎಲ್ಲಿಗೆ ಬಂದು ಬಿದ್ದೆ" ಎಂದುಕೊಂಡಿದ್ದರೆ, ಅವರಿಗೆ ನಾನೂ ಜೊತೆಗಿದ್ದೆ ಎಂದು ಗೊತ್ತಿರಲಿ.

ನಾನು ಬಸ್ ಕಂಡಕ್ಟರ್. ಅಂಕೋಲಾ–ಕಾರವಾರ ಮಧ್ಯೆ ಓಡುವ ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತೇ ಇದ್ದವಳು. ಮನೆ ಬೆಳಂಬಾರದಲ್ಲಿ. ಗಂಡ ಗಣಪತಿ ಶೇಂಗಾ, ಕಲ್ಲಂಗಡಿ ಬೆಳೆಯುತ್ತಾರೆ, ಮಧ್ಯೆ ಬಿಡುವಾದಾಗ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಮಗಳು ಮದುವೆಯಾಗಿ ಕುಮಟೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ ನಾಗಮ್ಮ.

ಕಂಡಕ್ಟರ್ ಕೆಲಸದಲ್ಲಿ ಸೊಂಟಕ್ಕೆ ಏನಾಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯದು. ಬಸ್ಸು ಎಡಕ್ಕೆ ಎಳೆದರೆ ನಾವು ಬಲಕ್ಕೆ ಎಳೆಯಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ ಮಷಿನ್, ಕಿಟಕಿ ಬದಿಯವರಿಗೆ ಚಿಲ್ಲರೆ ಕೊಡಲು ಮೂರು ಜನರ ಮೇಲೆ ಬಾಗಬೇಕು. ಮೊದಮೊದಲು ಸಂಜೆ ಮಾತ್ರ ನೋಯುತ್ತಿದ್ದ ಬೆನ್ನು ಆಮೇಲೆ ಬೆಳಿಗ್ಗೆಯೇ ನೋವಿನೊಂದಿಗೆ ಏಳತೊಡಗಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಸ್ವಲ್ಪ ಸವೆದದೆ. ವ್ಯಾಯಾಮ ಮಾಡಿ" ಎಂದು ಮಾತ್ರೆ ಕೊಟ್ಟರು. ಮಾತ್ರೆಯಿಂದ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ವ್ಯಾಯಾಮ ಮಾಡಲು ನೆಲದಲ್ಲಿ ಮಲಗಿದರೆ ಏಳಲು ಬರುತ್ತಿರಲಿಲ್ಲ.

ನಾನು ಕಂಬಿಗೆ ಬೆನ್ನು ಒತ್ತಿಕೊಂಡು ನಿಲ್ಲುವುದನ್ನು ನೋಡಿ ಪ್ರಯಾಣಿಕರೆಲ್ಲ ವೈದ್ಯರಾದರು.

"ಬಾಯಿ, ಸೊಂಟಕ್ಕೆ ಎಂತ ಆಯ್ತು?" ಎಂದು ಬಿಣಗಾದಲ್ಲಿ ಹತ್ತಿದ ಹೆಂಗಸು ಕೇಳಿದಳು; ನಮ್ಮ ಕಡೆ ಹೆಂಗಸರನ್ನು ಕರೆಯುವುದೇ ಬಾಯಿ ಎಂದು. "ಕಾರವಾರದಲ್ಲಿ ಸೂಜಿ ಹಾಕ್ತರು, ಅದಕ್ಕೆ ಕರೆಂಟ್ ಕೊಡ್ತರು. ನನ್ನ ಭಾವನಿಗೆ ನಿಲ್ಲೂಕೇ ಆಗ್ತಿರಲಿಲ್ಲ. ಈಗ ದೋಣಿ ಎಳೀತಾನೆ."

ಹಿಂದಿನ ಸೀಟಿನ ಅಂಕೋಲೆಯ ಯಜಮಾನರು ಸುಮ್ಮನಿರಲಿಲ್ಲ. "ಕರೆಂಟ್ ಎಂತಕೆ? ನಮ್ಮ ಅಂಕೋಲೆಲಿ ಒಬ್ರು ಮೇಡಂ ಇದ್ದಾರೆ. ನಾಡಿ ಹಿಡಿದು ಒಂದೇ ಒಂದು ಸೂಜಿ. ಅದೂ ಕೈಗೆ. ಬೆನ್ನು ಮುಟ್ಟೂದೇ ಇಲ್ಲ."

"ಬೆನ್ನು ನೋವಿಗೆ ಕೈಗೆ ಚುಚ್ಚಿದ್ರೆ ಎಂತ ಆಗ್ತದೆ?"

"ಕರೆಂಟ್ ಕೊಟ್ರೆ ಎಂತ ಆಗ್ತದೆ? ಮನುಷ್ಯರಾ ಮಿಕ್ಸರಾ?"

ಆವರ್ಸೆ ದಾಟುವವರೆಗೂ ಇಬ್ಬರೂ ಚುನಾವಣೆಗೆ ನಿಂತವರ ಹಾಗೆ ಜಗಳವಾಡಿದರು. ನಾನು ಟಿಕೆಟ್ ಹರಿಯುತ್ತ ಕೇಳುತ್ತಿದ್ದೆ. ನನಗೆ ಇಬ್ಬರ ಮೇಲೂ ನಂಬಿಕೆ ಬಂತು. ನೋವಿದ್ದವರಿಗೆ ನಂಬಿಕೆ ಬಹಳ ಸುಲಭವಾಗಿ ಬರುತ್ತದೆ.

ಮೊದಲು ಹೋದದ್ದು ಕಾರವಾರಕ್ಕೆ. ಡ್ಯೂಟಿ ಮುಗಿಸಿ ಅಲ್ಲಿಯೇ ಇಳಿದು ಹೋಗಬಹುದು ಎನ್ನುವುದೇ ಕಾರಣ. ಅಲ್ಲಿ ಸೂಜಿ ಹಾಕುವವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಏನು ಕಲಿತಿದ್ದಾನೆ ಎಂದು ಯಾರೂ ಕೇಳಿದವರಿಲ್ಲ, ನಾನೂ ಕೇಳಲಿಲ್ಲ. ಒಂದು ಕಿವಿಗೆ ಮೊಬೈಲ್ ಇಟ್ಟು, ಭುಜದಿಂದ ಅದನ್ನು ಒತ್ತಿಹಿಡಿದು, ಕೊಂಕಣಿಯಲ್ಲಿ ಯಾವುದೋ ಜಾಗದ ವ್ಯವಹಾರ ಮಾತಾಡುತ್ತಲೇ ನನ್ನ ಬೆನ್ನಿಗೆ ಸೂಜಿ ಚುಚ್ಚುತ್ತಿದ್ದ. ಸೀರೆ ಸಡಿಲಿಸಿ ಸೊಂಟ ಬರಿದು ಮಾಡಿ ಮಲಗಬೇಕು. ಮರೆಗೆ ಒಂದು ಹಳೆಯ ಬೆಡ್‌ಶೀಟ್. ಸೂಜಿಗಳಿಗೆ ತಂತಿಯ ಕ್ಲಿಪ್ ಸಿಕ್ಕಿಸುವುದು ಅವನ ಸಹಾಯಕ, ಐವತ್ತು ದಾಟಿದ ಗಂಡಸು. ಬೆಡ್‌ಶೀಟ್ ಸರಿಸುವ ಮೊದಲು ಒಂದು ದಿನವೂ ಅವನು ಕೆಮ್ಮಲಿಲ್ಲ.

ಕರೆಂಟಿನ ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಬೆನ್ನಿನ ಮಾಂಸ ತನ್ನಷ್ಟಕ್ಕೆ ಪಟಪಟನೆ ಹಾರುತ್ತಿತ್ತು, ಬಲೆಯಿಂದ ಆಗಷ್ಟೇ ಸುರಿದ ಮೀನಿನ ಹಾಗೆ. ನನ್ನ ದೇಹ ನನ್ನ ಮಾತು ಕೇಳದೆ ಕುಣಿಯುವುದನ್ನು ಅನುಭವಿಸುತ್ತ ಮಲಗುವುದು ಹೇಸಿಗೆ ಎನಿಸುತ್ತಿತ್ತು. ಆದರೆ ಸುಳ್ಳು ಹೇಳಲಾರೆ. ಇಳಿದು ಬರುವಾಗ ಬೆನ್ನು ಹಗುರಾಗಿರುತ್ತಿತ್ತು. ಒಂದೆರಡು ದಿನ ಆ ಹಗುರ ಉಳಿಯುತ್ತಿತ್ತು. ಎರಡು ದಿನದ ಸುಖಕ್ಕಾಗಿ ಆ ರೆಕ್ಸಿನ್ನಿಗೆ ಮತ್ತೆ ಕೆನ್ನೆ ಕೊಡುತ್ತಿದ್ದೆ.

ಅಲ್ಲಿ ನನಗೆ ಸಿಕ್ಕ ಒಳ್ಳೆಯ ಸಂಗತಿ ಎಂದರೆ ದೇವಮ್ಮ. ಕೇಣಿಯ ಹೆಂಗಸು, ಮೀನು ಮಾರುತ್ತ ಮುದಿಯಾದವಳು, ಮೊಣಕಾಲು ನೋವಿಗೆ ಬರುತ್ತಿದ್ದಳು. ಬೆಡ್‌ಶೀಟಿನ ಆಚೆಯ ಮಂಚ ಅವಳದು. ಕಾಯುವ ಬೆಂಚಿನ ಮೇಲೆ ನನಗೆ ಯಾವಾಗಲೂ ಜಾಗ ಹಿಡಿದಿಡುತ್ತಿದ್ದಳು. ಒಂದು ದಿನ ಡಾಕ್ಟರ್ ಫೋನಿನಲ್ಲಿ ಯಾರನ್ನೋ ಬೈಯುತ್ತ ಬಂದವನು ನನ್ನನ್ನು ಅಂಗಾತ ತಿರುಗಲು ಹೇಳಿ ಮೊಣಕಾಲಿನ ಸುತ್ತ ಸೂಜಿ ಹಾಕಿ ಹೋದ. ಆಚೆ ಕಡೆ ದೇವಮ್ಮನನ್ನು ಬೋರಲು ಮಲಗಿಸಿದ ಸದ್ದು ಕೇಳಿತು. ಹೊಸ ಕ್ರಮವೇನೋ ಎಂದು ಇಬ್ಬರೂ ಸುಮ್ಮನಿದ್ದೆವು. ಮೆಟ್ಟಿಲು ಇಳಿಯುವಾಗಲೇ ವಿಷಯ ಬಯಲಾದದ್ದು.

"ತಂಗಿ, ನಿಂಗೆ ಎಲ್ಲಿ ಹಾಕ್ದ?"

"ಮೊಣಕಾಲಿಗೆ."

"ನಂಗೆ ಬೆನ್ನಿಗೆ! ನಿನ್ನ ಸೂಜಿ ನಂಗೆ, ನನ್ನ ಸೂಜಿ ನಿಂಗೆ ಹಾಕ್ಬಿಟ್ಟ ಮಾರಾಯ್ತಿ." ಅವಳು ಎರಡು ಮೆಟ್ಟಿಲು ಇಳಿದು ನಿಂತು ಕಾಲು ಅಲುಗಾಡಿಸಿ ನೋಡಿದಳು. "ಆದ್ರೂ ಹಗುರ ಆಗ್ಯದೆ ನೋಡು!"

ನನಗೂ ಹಗುರಾಗಿತ್ತು. ಅಷ್ಟೇ ಹಗುರ, ಒಂದು ಎಳೆಯಷ್ಟೂ ಕಡಿಮೆಯಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆವು. ಮನೆಗೆ ಬಂದು ಕೂತಾಗ ನಗು ಇಳಿಯಿತು. ಎಲ್ಲಿ ಚುಚ್ಚಿದರೂ ಒಂದೇ ಎಂದಾದರೆ ಇಷ್ಟು ದಿನ ಸೀರೆ ಬಿಚ್ಚಿ ಅವರ ಮುಂದೆ ಮಲಗಿದ್ದು ಯಾಕೆ? ಆ ವಾರವೇ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ.

"ಹಾಗಾದ್ರೆ ಅಂಕೋಲೆಯ ಮೇಡಂ ಹತ್ರ ಹೋಗುವ" ಎಂದರು ಗಣಪತಿ. "ಅಲ್ಲಿ ಬಟ್ಟೆ ಬಿಚ್ಚೂದು ಇಲ್ವಂತೆ."

ಅಂಕೋಲೆಯ ಮನೆ ಚೊಕ್ಕವಾಗಿತ್ತು. ಅಂಗಳಕ್ಕೆ ಸಾರಿಸಿ ರಂಗೋಲಿ, ಜಗಲಿಯಲ್ಲಿ ಚಾಪೆ, ಊದುಬತ್ತಿ. ಮೇಡಂ ಬಿಳಿಯ ಸೀರೆ ಉಟ್ಟು, ಮೆಲ್ಲಗೆ, ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದರು. ಎರಡೂ ಕೈಗಳ ನಾಡಿ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂರುವರು. ನಂತರ ಮಣಿಕಟ್ಟಿನ ಹತ್ತಿರ ಕೂದಲಿನಷ್ಟು ಸಣ್ಣ ಸೂಜಿ ಒಂದು. ಅಷ್ಟೇ. ಜಗಲಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು. ತಂತಿಯಿಲ್ಲ, ಬಕೆಟ್ಟಿಲ್ಲ. ಅಲ್ಲಿ ನನ್ನನ್ನು ಯಾರೋ ನಿಧಾನವಾಗಿ ಮುಟ್ಟಿ, ಏನು ನೋವು ಎಂದು ಕೇಳಿದರು. ಮೊದಲ ದಿನ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ, ಒಂದೆರಡು ದಿನ ಬೆನ್ನೂ ಹಗುರಾಗಿತ್ತು.

"ಕಾರವಾರದಲ್ಲಿ ಕರೆಂಟ್ ಕೊಡಿಸಿಕೊಂಡಿರಾ?" ಎಂದು ಕೇಳಿ ಮೇಡಂ ನಸುನಕ್ಕರು. "ಅದು ಹಿಂಸೆ. ದೇಹಕ್ಕೆ ಒಂದು ಮಾತು ಹೇಳಿದರೆ ಸಾಕು, ಕಿರುಚಬಾರದು."

ಕಾರವಾರದವನೂ ಹೀಗೆಯೇ ಹೇಳುತ್ತಿದ್ದ. "ಅಂಕೋಲೆಲಿ ಒಂದೇ ಸೂಜಿ ಅಂತೆ? ಅದು ಭಸ್ಮ ಊದಿದ ಹಾಗೆ. ಅದರ ಬದಲು ದೇವಸ್ಥಾನಕ್ಕೆ ಹೋಗಿ." ಇಬ್ಬರಿಗೂ ನನ್ನ ಬೆನ್ನಿಗಿಂತ ಇನ್ನೊಬ್ಬರ ಹೆಸರೇ ದೊಡ್ಡ ನೋವು.

ಮೇಡಂ ಮಾತ್ರೆ ಬಿಡಿಸಿದರು. ಚಹಾ ಬಿಡಿಸಿದರು. ಮೀನು ಬಿಡಿಸಿದರು. ಬೆಳಂಬಾರದಲ್ಲಿ ಹುಟ್ಟಿಬೆಳೆದ ಬಾಯಿಗೆ ಮೀನಿಲ್ಲದ ಊಟ ಹುಲ್ಲಿನಂತಿತ್ತು. ಅದನ್ನೂ ನುಂಗಿದೆ. ಕೆಲವು ವಾರ ಕಳೆದ ಮೇಲೆ ನೋವು ಬೆನ್ನು ಬಿಟ್ಟು ಎಡಗಾಲಿನ ಹಿಂಬದಿಗೆ, ಅಲ್ಲಿಂದ ಮೀನಖಂಡಕ್ಕೆ ಇಳಿಯಿತು. ಒಮ್ಮೊಮ್ಮೆ ಪಾದದ ಮೇಲೆ ಇರುವೆ ಹರಿದಂತೆ.

"ಒಳ್ಳೆಯ ಲಕ್ಷಣ" ಎಂದರು ಮೇಡಂ. "ಇಳಿಯುತ್ತಿದೆ ನೋಡಿ. ಪಾದದ ಮೂಲಕ ಹೊರಗೆ ಹೋಗುತ್ತದೆ."

ಎಷ್ಟು ಚಂದದ ಮಾತು! ನನಗೆ ಸಂತೋಷವಾಯಿತು. ಮುಂದಿನ ಸಲ ಮನೆಯವರಲ್ಲಿ ಯಾರನ್ನಾದರೂ ಕರೆತರಲು ಹೇಳಿದರು. ಗಣಪತಿ ಕಲ್ಲಂಗಡಿ ಲೋಡಿಗೆ ಹೋಗಿದ್ದರಿಂದ ಅತ್ತೆ ಬಂದರು. ನನ್ನ ನೋವು ಹೆಚ್ಚಾದಾಗಿನಿಂದ ಬಾವಿಯಿಂದ ನೀರು ಎಳೆಯುವುದು, ನೆಲ ಒರೆಸುವುದು, ನನ್ನ ಸೀರೆ ಒಗೆಯುವುದು ಎಲ್ಲ ಅವರದೇ ಆಗಿತ್ತು. ಒಂದು ಮಾತು ಆಡದೆ ಮಾಡುತ್ತಿದ್ದರು. ಜಗಲಿಯಲ್ಲಿ ನನ್ನ ಪಕ್ಕ ಚಾಪೆಯ ಮೇಲೆ ಕೂತರು.

ಮೇಡಂ ನಾಡಿ ಹಿಡಿದು ಕಣ್ಣು ಮುಚ್ಚಿದರು. ತೆರೆದವರು ನನ್ನನ್ನೇ ನೋಡುತ್ತ ಹೇಳಿದರು: "ನಿಮ್ಮೊಳಗೆ ಯಾರ ಮೇಲೋ ಹಳೆಯ ಸಿಟ್ಟಿದೆ. ಅದೇ ಬೆನ್ನಿನಲ್ಲಿ ಗಂಟಾಗಿ ಕೂತಿದೆ. ಮನೆಯಲ್ಲಿ ಹಿರಿಯ ಹೆಂಗಸಿನ ಮೇಲಿನ ಸಿಟ್ಟು." ಆಮೇಲೆ ಅತ್ತೆಯ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, "ನೀವು ಬಿಟ್ಟುಕೊಡಬೇಕು ಅಮ್ಮ. ನೀವು ಹಿಡಿದಿರುವವರೆಗೆ ಇವರಿಗೆ ಗುಣವಾಗುವುದಿಲ್ಲ."

ಜಗಲಿಯಲ್ಲಿದ್ದವರೆಲ್ಲ ಅತ್ತೆಯನ್ನು ನೋಡಿದರು. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದರು. "ನಾನು ರಸ್ತೆ ಮೇಲೆ ನಿಂತಿರ್ತೆ" ಎಂದಷ್ಟೇ ಹೇಳಿ ಹೊರಗೆ ಹೋದರು.

ನನಗೆ ಆಗ ಬಂದದ್ದು ಸಿಟ್ಟಿಗಿಂತ ಹೇಸಿಗೆ. ಕಾರವಾರದ ಬಕೆಟ್ಟಿನ ಹತ್ತಿ ತುಂಡುಗಳನ್ನಾದರೂ ಕಣ್ಣಿಂದ ನೋಡಿ ದೂರ ಸರಿಯಬಹುದಿತ್ತು. ಇಲ್ಲಿ ಕೊಳಕನ್ನು ಬೆಳ್ಳಿ ಲೋಟದಲ್ಲಿ ಕೊಟ್ಟಂತೆ. ಮಣಿಕಟ್ಟಿನ ಸೂಜಿಯನ್ನು ನಾನೇ ಕಿತ್ತು ಚಾಪೆಯ ಮೇಲಿಟ್ಟು ಬಂದೆ.

ದಾರಿಯುದ್ದಕ್ಕೂ, "ಅತ್ತೆ, ನಾನು ಅವರ ಹತ್ರ ಏನೂ ಹೇಳಲಿಲ್ಲ" ಎಂದೆ. ಅವರು ಮುಖ ಆಚೆ ತಿರುಗಿಸಿಕೊಂಡಿದ್ದರು. ಮನೆಯಲ್ಲೂ ಮಾತಿಲ್ಲ. ನೀರು ಎಳೆದಿಟ್ಟರು, ಗಂಜಿ ಬಡಿಸಿದರು, ನಾನು ಹತ್ತಿರ ಹೋದರೆ ಎದ್ದು ಹಿತ್ತಲಿಗೆ ಹೋದರು. ಊಟಕ್ಕೆ ನಾವು ಎದ್ದ ಮೇಲೆ ಕೂರತೊಡಗಿದರು. ಗಣಪತಿ, "ಯಾರೋ ಏನೋ ಹೇಳಿದ್ರು ಅಂತ ನೀನು ಎಂತಕೆ ತಲೆಗೆ ಹಚ್ಕೊಳ್ತೆ?" ಎಂದು ಅಮ್ಮನಿಗೂ ನನಗೂ ಒಂದೇ ಮಾತು ಹೇಳಿ ತೋಟಕ್ಕೆ ಹೋಗುತ್ತಿದ್ದರು. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಬದುಕಿದವರ ಮಧ್ಯೆ ಒಂದು ಸೂಜಿ ಇಷ್ಟು ಆಳಕ್ಕೆ ಇಳಿಯಬಹುದು ಎಂದು ನನಗೆ ಗೊತ್ತಿರಲಿಲ್ಲ.

ಇದಾದ ಮೇಲೆ ಒಂದು ದಿನ ಹಾರವಾಡದ ಹತ್ತಿರ ರಸ್ತೆ ಕೆಲಸ ನಡೆದಿತ್ತು. ಬಸ್ಸನ್ನು ಹಿಂದೆ ತೆಗೆಯಬೇಕಾಯಿತು. ನಾನು ಇಳಿದು ಸೀಟಿ ಊದಿ, ಡ್ರೈವರಿಗೆ ಕೈ ತೋರಿಸಿ, ಮತ್ತೆ ಬಂದು ಹತ್ತಿದೆ. ಬಾಗಿಲ ಬಳಿ ಕೂತ ಹುಡುಗಿ, "ಅಕ್ಕಾ, ಚಪ್ಪಲಿ!" ಎಂದಳು. ನೋಡಿದರೆ ಎಡಗಾಲು ಬರಿಗಾಲು. ಚಪ್ಪಲಿ ಆಚೆ ಜಲ್ಲಿಯ ಮೇಲೆ ಬಿದ್ದಿತ್ತು. ಅಷ್ಟು ದೂರ ಚೂಪು ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದೆ. ನನಗೆ ಏನೂ ಚುಚ್ಚಿರಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೆದರಿದವರು ಗೊತ್ತಿದ್ದ ಬಾಗಿಲಿಗೇ ಮತ್ತೆ ಹೋಗುತ್ತಾರೆ. ನಾನು ಕಾರವಾರದ ಮೆಟ್ಟಿಲು ಹತ್ತಿದೆ. ಎಡಗಾಲು ಪ್ರತಿ ಮೆಟ್ಟಿಲಿಗೂ ತಾಗುತ್ತಿತ್ತು. ಪಾದ ಮರಗಟ್ಟಿದೆ ಎಂದು ಹೇಳಿದೆ. ಡಾಕ್ಟರ್ ಪಾದ ನೋಡಲಿಲ್ಲ. "ಅಂಕೋಲೆಗೆ ಹೋಗಿ ಹಾಳು ಮಾಡ್ಕೊಂಡ್ರಿ. ನರ ತಣ್ಣಗಾಗ್ಯದೆ. ಈಗ ಕರೆಂಟ್ ಸಾಕಾಗೂದಿಲ್ಲ, ಬೆಂಕಿ ಕೊಡುವ" ಎಂದ.

ಬೆಂಕಿ ಎಂದರೆ ಒಣಸೊಪ್ಪನ್ನು ಕಾಗದದಲ್ಲಿ ಬಿಗಿದು ಮಾಡಿದ, ಚುಟ್ಟಾದಷ್ಟು ದಪ್ಪದ ಕಡ್ಡಿ. ಅದರ ತುಂಡುಗಳನ್ನು ಸೂಜಿಯ ತುದಿಗೆ ಸಿಕ್ಕಿಸಿ ಹೊತ್ತಿಸುತ್ತಾರೆ. ಬೆನ್ನಿಗೆ, ಮೀನಖಂಡಕ್ಕೆ, ಪಾದಕ್ಕೆ ಸೂಜಿ ಹಾಕಿ, ಹೊತ್ತಿಸಿ ಡಾಕ್ಟರ್ ಹೊರಗೆ ಹೋದ. ಕೋಣೆಯ ತುಂಬ ಹೊಗೆ. ಬೆನ್ನಿನಲ್ಲಿ ಹಿತವಾದ ಬಿಸಿ. ಪಾದದಲ್ಲಿ ಏನೂ ಇಲ್ಲ. ನಾನು ಬೋರಲು ಮಲಗಿದ್ದೆ.

ಸ್ವಲ್ಪ ಹೊತ್ತಿಗೆ ಬೇರೊಂದು ವಾಸನೆ ಬಂತು. ಕೋಳಿಯನ್ನು ಕೊಯ್ದು ಪುಕ್ಕ ಸುಡುವಾಗ ಬರುವ ವಾಸನೆ. ಆಚೆ ಮಂಚದಲ್ಲಿ ಯಾರಿಗೋ ಸುಟ್ಟಿತೇನೋ ಎಂದುಕೊಂಡೆ. ಪಾಪ, ಯಾರೋ ಎಂದು ಮರುಗಿದೆ ಕೂಡ. ಸಹಾಯಕ ಓಡಿ ಬಂದು ನನ್ನ ಕಾಲ ಬುಡದಲ್ಲಿ ಏನನ್ನೋ ಕೊಡವಿ, ಉಫ್ ಎಂದು ಊದಿದ.

"ಎಂತ ಆಯ್ತು?"

"ಏನಿಲ್ಲ ಬಾಯಿ. ಸ್ವಲ್ಪ ಬೂದಿ ಬಿತ್ತು. ಮಲ್ಕೊಳ್ಳಿ."

ಅದು ನನ್ನದೇ ಕಾಲು. ನನ್ನ ಮಾಂಸ ಸುಟ್ಟ ವಾಸನೆಯನ್ನು ನಾನು ಮೂಗಿನಿಂದ ತಿಳಿದೆ, ಕಾಲಿನಿಂದ ತಿಳಿಯಲಿಲ್ಲ.

ಮನೆಗೆ ಬಂದು ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದೆ. ಬಗ್ಗಲು ಆಗದೆ ನಿಂತೇ ನೀರು ಹೊಯ್ದುಕೊಳ್ಳುತ್ತಿದ್ದೆ. ಹಿತ್ತಲಿಂದ ಬಂದ ಅತ್ತೆ ನಿಂತರು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು. ನನ್ನನ್ನಲ್ಲ, ನನ್ನ ಪಾದವನ್ನು.

"ಇದೆಂತದೆ?"

"ಬೂದಿ ಬಿತ್ತಂತೆ."

ಅವರು ಕುಕ್ಕರಗಾಲಲ್ಲಿ ಕೂತು ಪಾದ ಎತ್ತಿ ಹಿಡಿದರು. ಹೆಬ್ಬೆರಳಿನ ಬುಡದಲ್ಲಿ ನೇರಳೆ ಹಣ್ಣಿನಷ್ಟು ದೊಡ್ಡ ಗುಳ್ಳೆ ಎದ್ದು ಒಡೆದಿತ್ತು. ಒಳಗೆ ಕೆಂಪು. ಅತ್ತೆ ಅದರ ಅಂಚನ್ನು ಬೆರಳಿನಿಂದ ಒತ್ತಿದರು.

"ಉರೀತದಾ?"

"ಇಲ್ಲ."

"ಇಷ್ಟು ಸುಟ್ಟದ್ದು ನಿಂಗೆ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಅತ್ತೆ."

ಅವರು ನನ್ನ ಕಾಲನ್ನು ಮೆಲ್ಲಗೆ ಕೆಳಗಿಟ್ಟು ಎದ್ದು, ತೋಟದ ಕಡೆ ತಿರುಗಿ ಇಡೀ ಕೇರಿಗೆ ಕೇಳುವಂತೆ ಕೂಗಿದರು. "ಗಣಪತೀ! ರಿಕ್ಷಾ ತೆಗಿಯೋ! ಈಗ್ಲೇ!" ಅವರೇ ನನ್ನ ಪಾದಕ್ಕೆ ಒಗೆದ ಬಟ್ಟೆ ಸುತ್ತಿದರು. ಗಣಪತಿ, ನಾಳೆ ಬೆಳಿಗ್ಗೆ ಹೋಗುವ ಎಂದಾಗ, "ನಾಳೆ ಹೇಳಿದ್ರೆ ನಾನು ಹೊತ್ಕಂಡು ಹೋಗ್ತೆ" ಎಂದರು. ಗೂಡ್ಸ್ ರಿಕ್ಷಾದ ಮುಂದಿನ ಸೀಟಿನಲ್ಲಿ ನನಗೆ ಜಾಗ ಮಾಡಿ, ಅವರು ಹಿಂದೆ ಕಲ್ಲಂಗಡಿಗೆ ಹಾಸಿದ ಹುಲ್ಲಿನ ಮೇಲೆ ಕೂತು ಆಸ್ಪತ್ರೆಗೆ ಬಂದರು.

ಅಲ್ಲಿನ ಡಾಕ್ಟರಮ್ಮ ಬೆನ್ನು ಆಮೇಲೆ ನೋಡಿದರು. ಮೊದಲು ಚಪ್ಪಲಿ ಬಿಚ್ಚಲು ಹೇಳಿದರು. ಕಣ್ಣು ಮುಚ್ಚಿಸಿ ಪಾದವನ್ನು ಅಲ್ಲಲ್ಲಿ ಬೆರಳಿನಿಂದ ಮುಟ್ಟಿ, "ಮುಟ್ಟಿದಾಗ ಹೇಳಿ" ಎಂದರು. ನಾನು ಕಾಯುತ್ತಿದ್ದೆ. ಅವರು ಮುಟ್ಟಲಿ ಎಂದು ಕಾಯುತ್ತಲೇ ಇದ್ದೆ. ಕಣ್ಣು ತೆರೆದರೆ ಅವರ ಬೆರಳು ನನ್ನ ಹೆಬ್ಬೆರಳಿನ ಮೇಲೇ ಇತ್ತು. ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಬಲಪಾದ ಎದ್ದಿತು, ಎಡಪಾದ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬಡಿಯಿತು. ಅವರು ತುಂಬ ಮೆಲ್ಲಗೆ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಕೂರುವ ಜಾಗದಲ್ಲಿ ಮರಗಟ್ಟಿದೆಯೇ ಎಂದು ಕೇಳಿದರು. ಅಲ್ಲಿಯವರೆಗೆ ಹಾಳಾಗಿರಲಿಲ್ಲ. "ಅದೊಂದು ಪುಣ್ಯ. ಆದ್ರೆ ತಡ ಮಾಡಬೇಡಿ" ಎಂದು ಗೋವೆಯ ಆಸ್ಪತ್ರೆಯೊಂದಕ್ಕೆ ಕಳಿಸಿದರು.

ಅಲ್ಲಿ ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಬೆನ್ನೆಲುಬಿನ ನಡುವಿನ ಮೆತ್ತೆ ಹೊರಬಂದು ನರವನ್ನು ಅಮುಕಿತ್ತಂತೆ. ಮೇಡಂ ಹೇಳಿದ ಹಾಗೆ ಇಳಿದದ್ದು ನಿಜ. ಹೊರಗೆ ಹೋಗುತ್ತಿದ್ದದ್ದು ಮಾತ್ರ ರೋಗವಲ್ಲ, ನನ್ನ ಕಾಲು.

ಆಪರೇಷನ್ನಿನ ನಂತರದ ದಿನಗಳಲ್ಲಿ ನನ್ನ ಮೇಲೆಯೇ ನನಗೆ ಅಸಹ್ಯ. ಮಲಗಿದಲ್ಲೇ ಎಲ್ಲ ಆಗಬೇಕು. ಪಾತ್ರೆ ಇಟ್ಟು ತೆಗೆಯುವುದು ಅತ್ತೆ. ಮೂಗಿಗೆ ಸೆರಗು ಕೂಡ ಹಿಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಮೈ ಒರೆಸುತ್ತ, ನನ್ನ ಮುಖ ನೋಡದೆ, ಕೇಳಿದರು.

"ವಿಮಲಾ, ನಿಂಗೆ ನನ್ನ ಮೇಲೆ ಸಿಟ್ಟು ಇತ್ತಾ?"

ಸುಳ್ಳು ಹೇಳಬಹುದಿತ್ತು. ಅವರ ಕೈಯಲ್ಲಿ ನನ್ನ ಒದ್ದೆ ಬಟ್ಟೆ ಇತ್ತು.

"ಇತ್ತು ಅತ್ತೆ. ಆದ್ರೆ ಬೆನ್ನಲ್ಲಿ ಇರಲಿಲ್ಲ."

ಅವರು ಕೈ ನಿಲ್ಲಿಸಿದರು. ಆಮೇಲೆ ಹೊಟ್ಟೆ ಕುಲುಕಿ ನಕ್ಕರು. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ನಕ್ಕರು. "ನಂಗೂ ಇತ್ತೆ" ಎಂದರು. "ನೀನು ಸಾರಿಗೆ ಹುಳಿ ಹೆಚ್ಚು ಹಾಕ್ತಿ." ಆ ವಿಷಯ ಅಲ್ಲಿಗೆ ಮುಗಿಯಿತು.

ಊರಿಗೆ ಬಂದ ಮೇಲೆ ಬೆನ್ನು ಪೂರ್ತಿ ಸುಮ್ಮನಾಗಲಿಲ್ಲ. ಕಾರವಾರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿನ ಹುಡುಗಿ ನನಗೆ ನಿಲ್ಲಲು, ಕೂರಲು, ಪಾದ ಎತ್ತಲು ಮತ್ತೆ ಕಲಿಸಿದಳು. ಸ್ನಾಯು ಬಹಳ ಬಿಗಿದ ಒಂದು ದಿನ, "ಸೂಜಿ ಹಾಕ್ಲಾ ಅಕ್ಕಾ?" ಎಂದು ಕೇಳಿದಳು. ನಾನು ಎದ್ದು ಹೊರಡಲು ನೋಡಿದೆ. ಅವಳು ತಡೆಯಲಿಲ್ಲ. "ಬೇಡಾದ್ರೆ ಬೇಡ. ಇದ್ರಿಂದ ಕಾಲು ಸರಿಯಾಗೂದಿಲ್ಲ. ಬೆನ್ನಿನ ಬಿಗಿ ಸ್ವಲ್ಪ ಕಮ್ಮಿ ಆಗ್ಬಹುದು, ಆಗ್ದೇನೂ ಇರ್ಬಹುದು" ಎಂದಳು. ಆಗದೆಯೂ ಇರಬಹುದು ಎಂದು ಸೂಜಿ ಹಿಡಿದವರು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಮರುವಾರ ಒಪ್ಪಿದೆ. ಹೊಸ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಹರಿದು, ಒಗೆದ ಬಿಳಿ ಬಟ್ಟೆ ಹಾಸಿ, ಬಾಗಿಲು ಹಾಕಿ, ಮಾಡಿದಳು. ಹಗುರಾಯಿತು. ಒಂದೆರಡು ದಿನ ಉಳಿಯಿತು.

ಈಗ ಜನ ನನ್ನನ್ನು ಕೇಳುತ್ತಾರೆ, ಯಾವುದು ಒಳ್ಳೆಯದು, ಕರೆಂಟೋ, ಒಂದೇ ಸೂಜಿಯೋ, ಬೆಂಕಿಯೋ, ಆಸ್ಪತ್ರೆಯದೋ? ನಾನು ಒಂದು ಬೆನ್ನಿನ ಮಾತು ಹೇಳಬಲ್ಲೆ. ಬೆಂಕಿಯೊಂದನ್ನು ಬಿಟ್ಟರೆ ನನ್ನ ಬೆನ್ನಿಗೆ ಉಳಿದ ಮೂರೂ ಹೆಚ್ಚುಕಡಿಮೆ ಅಷ್ಟೇ ಹಗುರ ಕೊಟ್ಟವು, ಅಷ್ಟೇ ದಿನ ಕೊಟ್ಟವು. ಮೊಣಕಾಲಿಗೆ ತಪ್ಪಿ ಹಾಕಿದ ಸೂಜಿಯೂ ಅಷ್ಟೇ ಕೊಟ್ಟಿತು. ಸೂಜಿ ಸುಳ್ಳು ಎಂದು ನಾನು ಹೇಳುವುದಿಲ್ಲ. ನೋವಿನಲ್ಲಿ ಎರಡು ದಿನ ಸಣ್ಣದಲ್ಲ. ಆ ಹಗುರವನ್ನು ತೋರಿಸಿ ಆ ಇಬ್ಬರೂ ಕಾಲಿನ ಮೇಲೆ ಬೂದಿ ಬೀಳುವವರೆಗೂ ನನ್ನನ್ನು ಕೂರಿಸಿದರಲ್ಲ, ಅದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಹಾಗಾಗಿಯೇ ಒಂದು ದಿನ ಕಾರವಾರದ ಆ ಮೆಟ್ಟಿಲು ಮತ್ತೆ ಹತ್ತಿದೆ. ನನಗೆ ಈಗ ಬಸ್ ನಿಲ್ದಾಣದಲ್ಲಿ ಪಾಸ್ ಕೊಡುವ ಕೆಲಸ, ಕೂತು ಮಾಡುವಂಥದ್ದು. ಮಧ್ಯಾಹ್ನ ರಜೆ ಹಾಕಿ ಹೋದೆ. ಪಾದ ಇನ್ನೂ ಪೂರ್ತಿ ಏಳುವುದಿಲ್ಲ, ಬೂಟಿನೊಳಗೆ ಒಂದು ಪಟ್ಟಿ ಆಧಾರವಿದೆ. ಅವನ ಮುಂದೆ ಬೂಟು ಬಿಚ್ಚಿ ಗಾಯದ ಕಲೆ ತೋರಿಸಬೇಕು, ಕಾಯುವವರೆಲ್ಲ ಕೇಳುವಂತೆ ಉಗಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಬೆಂಚು ತುಂಬಿತ್ತು. ಒಳಗಿಂದ ಫೋನಿನ ಕೊಂಕಣಿ ಕೇಳುತ್ತಿತ್ತು. ಸಹಾಯಕ ನನ್ನ ಗುರುತು ಹಿಡಿಯಲಿಲ್ಲ. "ಪಾಳಿ ಅದೆ ಬಾಯಿ, ಕೂತ್ಕೊಳ್ಳಿ" ಎಂದು ಒಳಗೆ ಹೋದ. ನಾನು ಜೋರಾಗಿ, "ಇಲ್ಲಿ ನನ್ನ ಕಾಲು ಸುಟ್ರು" ಎಂದೆ. ಬೆಂಚಿನವರು ತಲೆ ಎತ್ತಿ ನೋಡಿದರು. ಒಬ್ಬರು, "ಎಲ್ರಿಗೂ ಗುಣ ಆಗೂದಿಲ್ಲ ಬಿಡಿ" ಎಂದರು. ಇನ್ನೊಬ್ಬರು ಮುಖ ತಿರುಗಿಸಿದರು. ನೋವಿನಲ್ಲಿ ಕೂತವರಿಗೆ ನನ್ನ ಮಾತು ಬೇಕಿರಲಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಬೇಕಿರುತ್ತಿರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲೇ ಹಳಸಿತು.

ಬೆಂಚಿನ ತುದಿಯಲ್ಲಿ ಬೊಬ್ರುವಾಡದ ಕಡೆಯ ಒಬ್ಬಳು ಕೂತಿದ್ದಳು. ಗದ್ದೆ ಕೆಲಸದಿಂದ ನೇರ ಬಂದವಳು, ಪಾದದ ಬಿರುಕಿನಲ್ಲಿ ಇನ್ನೂ ಕೆಸರಿತ್ತು. ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು. "ಅಕ್ಕಾ, ಸುಟ್ಟದ್ದು ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ಲ ತಂಗಿ. ನಿಂಗೆ ನೋವು ಕಾಲಿಗೆ ಇಳೀತದಾ?"

"ಇಳೀತದೆ."

ನನಗೆ ಬಗ್ಗಲು ಬಾರದು. ಎದುರಿನ ಸ್ಟೂಲು ಎಳೆದು ಕೂತು, ಅವಳ ಪಾದವನ್ನು ನನ್ನ ತೊಡೆಯ ಮೇಲೆ ಇಡಲು ಹೇಳಿದೆ. ಅವಳು ನಾಚಿ ಸೀರೆಯ ಅಂಚಿನಿಂದ ಒರೆಸಲು ಹೋದಳು. ಬೇಡ ಎಂದೆ. ಕಣ್ಣು ಮುಚ್ಚಿಸಿ, ಹೆಬ್ಬೆರಳಿನ ಬುಡವನ್ನು ಬೆರಳಿನಿಂದ ಸೋಕಿದೆ.

"ಹೆಬ್ಬೆರಳು" ಎಂದಳು.

ಅಂಚಿಗೆ ಸೋಕಿದೆ. "ಕಿರುಬೆರಳ ಬದಿ." ಅಂಗಾಲಿಗೆ ಸೋಕಿದರೆ ಕಚಗುಳಿಯಾಗಿ ಕಾಲು ಎಳೆದುಕೊಂಡು ನಕ್ಕುಬಿಟ್ಟಳು.

"ಈಗ ಸರಿ ಅದೆ. ಆದ್ರೂ ಒಮ್ಮೆ ಆಸ್ಪತ್ರೆಲಿ ತೋರಿಸು. ಯಾವತ್ತಾದ್ರೂ ಹೀಗೆ ಮುಟ್ಟಿದ್ದು ಗೊತ್ತಾಗ್ಲಿಲ್ಲ ಹೇಳಿದ್ರೆ ಇಲ್ಲಿ ಕೂರ್ಬೇಡ. ಅವತ್ತೇ ಓಡು."

ಅವಳು ತಲೆಯಾಡಿಸಿದಳು. ನಾನು ಏಳಲು ಗೋಡೆ ಹಿಡಿದೆ. ಆಗ, ಎಲ್ಲರಿಗೂ ಗುಣ ಆಗುವುದಿಲ್ಲ ಎಂದಿದ್ದ ಮನುಷ್ಯ ಸುಮ್ಮನೆ ಚಪ್ಪಲಿ ಬಿಚ್ಚಿ, ಲುಂಗಿ ಮೇಲಕ್ಕೆ ಸರಿಸಿ, ತನ್ನ ಕಾಲನ್ನು ನನ್ನ ಕಡೆ ಚಾಚಿದ.

"ನಂದೂ ಒಮ್ಮೆ ನೋಡಿ ಬಾಯಿ" ಎಂದು ಕಣ್ಣು ಮುಚ್ಚಿಕೊಂಡ.

ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ.